ಬೇಡ ಅಂದರೆ ಇನ್ನೆರಡು

ಇಂಗ್ಲಿಷ್ ಕಲಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ದೋಹಾದಲ್ಲಿ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಹಾಗಾಗಿ ಇಲ್ಲಿನ ಫ್ರೆಂಚ್ ಮಾಧ್ಯಮದ ಶಾಲೆಯೊಂದರಲ್ಲಿ ಇಂಗ್ಲಿಷ್ ಸಹಾಯಕಿಯ ಕೆಲಸ ಸಿಕ್ಕಾಗ ನನಗೆ ಆಶ್ಚರ್ಯವಾಗಲಿಲ್ಲ. ಆಶ್ಚರ್ಯವಾದದ್ದು ನನ್ನ ಗಂಡ ಸದಾನಂದರಿಗೆ.

"ನಿಂಗೆ ಫ್ರೆಂಚ್ ಬರುದಿಲ್ಲ ಅಲ್ವಾ ಮಾರಾಯ್ತಿ?"

"ಬರುದು ಬೇಡ ಅಂತ್ಲೇ ಹೇಳಿದ್ದಾರೆ! ಮಕ್ಕಳು ನನ್ನತ್ರ ಇಂಗ್ಲಿಷಲ್ಲೇ ಮಾತಾಡ್ಬೇಕಲ್ಲ."

"ಬಾರದ್ದಕ್ಕೂ ಸಂಬಳ ಉಂಟಾ? ಭಾರೀ ಒಳ್ಳೆ ಕೆಲಸ!" ಎನ್ನುತ್ತಾ ಅವರು ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಯ ಶಿಫ್ಟ್ ಬಸ್ಸಿಗೆ ಓಡಿದರು.

ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ. ಆಮೇಲೆ ಮುಖ್ಯೋಪಾಧ್ಯಾಯಿನಿ ಮದಾಂ ಕ್ಲೇರ್ ನನ್ನದೊಂದು ಪಾಠವನ್ನು ಕುಳಿತು ನೋಡಿ, ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ತೀರ್ಮಾನಿಸುತ್ತಾರೆ. ನನಗೆ ಈ ಕೆಲಸ ಬೇಕೇ ಬೇಕಿತ್ತು. ದೋಹಾ ಅಲ್ ಜದೀದಾದ ಫ್ಲಾಟಿನಲ್ಲಿ ಆರು ವರ್ಷ ನಾನು ಬರೀ 'ಸದಾನಂದರ ಮಿಸೆಸ್' ಆಗಿದ್ದೆ. ಶಾಲೆಯಲ್ಲಿ ಇಪ್ಪತ್ತೆರಡು ಮಕ್ಕಳು ನನ್ನನ್ನು ಕಂಡೊಡನೆ "ಮಿಸ್ ವನಜಾ!" ಎಂದು ಕೂಗುತ್ತಿದ್ದರು. ಆ ಕೂಗಿನ ರುಚಿ ಹತ್ತಿಬಿಟ್ಟಿತ್ತು.

ಪರೀಕ್ಷೆಯ ಪಾಠಕ್ಕೆ ನಾನು ಆರಿಸಿಕೊಂಡ ವಿಷಯ: ಊಟದ ಮೇಜಿನ ಸಭ್ಯತೆ. ಬೇಕಾದರೆ 'ಯೆಸ್, ಪ್ಲೀಸ್', ಬೇಡವಾದರೆ 'ನೋ, ಥ್ಯಾಂಕ್ ಯೂ'. ಪಾಠೋಪಕರಣ: ಗೋಳಿಬಜೆ! ಶಾಲೆಯ ಅನುಮತಿ ಪಡೆದು, ಬೆಳಿಗ್ಗೆ ಬೇಗ ಎದ್ದು ಕರಿಯಲು ನಿಂತೆ.

"ಎಷ್ಟು ಮಾಡಿದ್ದಿ?" ಗಂಡ ಅಡುಗೆಮನೆಗೆ ಇಣುಕಿದರು.

"ನೂರು."

"ಮಕ್ಕಳು ಎಷ್ಟು?"

"ಇಪ್ಪತ್ತೆರಡು. ಕಮ್ಮಿ ಆಗ್ತದಾ?"

ಪಾಠ ಸೊಗಸಾಗಿಯೇ ಶುರುವಾಯಿತು. ಮದಾಂ ಕ್ಲೇರ್ ಹಿಂದಿನ ಬೆಂಚಿನಲ್ಲಿ ಪುಸ್ತಕ ಬಿಚ್ಚಿ ಕೂತರು. ಮಕ್ಕಳೆಲ್ಲ 'ಯೆಸ್, ಪ್ಲೀಸ್' ಎಂದು ಒಂದೊಂದು ಪಡೆದು ತಿಂದರು. ಎರಡನೆಯ ಸುತ್ತಿನಲ್ಲಿ ಟ್ಯುನೀಶಿಯಾದ ಎಂಟು ವರ್ಷದ ಲೀನಾ ತಟ್ಟೆಗೆ ಕೈ ಅಡ್ಡ ಹಿಡಿದು, ಸ್ಪಷ್ಟವಾಗಿ "ನೋ, ಥ್ಯಾಂಕ್ ಯೂ" ಎಂದಳು. ನಾನು 'ವೆರಿ ಗುಡ್' ಎಂದು ಮುಂದೆ ಹೋಗಬೇಕಿತ್ತು. 'ವೆರಿ ಗುಡ್' ಎಂದೆ. ತಟ್ಟೆಗೆ ಎರಡು ಹಾಕಿದೆ!

ಏನು ಮಾಡಲಿ? ನಮ್ಮ ಮೂಲ್ಕಿ ಕಡೆ ಮೊದಲ 'ಬೇಡ'ವನ್ನು ಯಾರೂ ನಂಬುವುದಿಲ್ಲ. ಮೊದಲನೆಯದು ನಾಚಿಕೆ, ಎರಡನೆಯದು ಮರ್ಯಾದೆ. ಮೂರನೆಯ ಸಲ ಎಲೆಯ ಮೇಲೆ ಪೂರ್ತಿ ಬಗ್ಗಿ ಕೂತರೆ ಮಾತ್ರ 'ಹೊಟ್ಟೆ ತುಂಬಿತೋ ಏನೋ' ಎಂದು ಸಣ್ಣ ಅನುಮಾನ. ಅಷ್ಟರಲ್ಲಿ ಬಡಿಸಿ ಆಗಿರುತ್ತದೆ! ನಾನು ಇಂಗ್ಲಿಷ್ ಕಲಿತಿದ್ದೆ, ನನ್ನ ಕೈ ಕಲಿತಿರಲಿಲ್ಲ.

ಪಕ್ಕದವನು "ನೋ, ಥ್ಯಾಂಕ್ ಯೂ" ಎಂದ. "ಅಯ್ಯೋ, ಚೂರು ತಗೊಳ್ಳಾ!" ಎಂದೆ. ಅದೂ ಕನ್ನಡದಲ್ಲಿ. ಅವನಿಗೂ ಎರಡು.

ಮಕ್ಕಳು ದಡ್ಡರೇ? ಬೇಕು ಅಂದವರಿಗೆ ಒಂದು, ಬೇಡ ಅಂದವರಿಗೆ ಎರಡು! ಐದೇ ನಿಮಿಷದಲ್ಲಿ ಇಡೀ ಕ್ಲಾಸು ತಟ್ಟೆ ಮುಂದೆ ಚಾಚಿ "ನೋ, ಥ್ಯಾಂಕ್ ಯೂ!" ಎಂದು ಅರಚತೊಡಗಿತು. ಮದಾಂ ಕ್ಲೇರ್ ಸರಸರ ಬರೆಯುತ್ತಿದ್ದರು. ಹೊಗಳಿಕೆಯೇ ಇರಬೇಕು ಎಂದುಕೊಂಡು ಅವರ ಬಳಿಗೂ ಡಬ್ಬಿ ಒಯ್ದೆ. ಅವರೂ "ನೋ, ಥ್ಯಾಂಕ್ ಯೂ" ಎಂದರು. ಅವರಿಗೆ ಮೂರು ಹಾಕಿದೆ. ಮುಖ್ಯೋಪಾಧ್ಯಾಯಿನಿ ಅಲ್ಲವೇ!

ಅನಾಹುತವಾದದ್ದು ಮರುದಿನ. ಶಾಲೆಯ ಕ್ಯಾಂಟೀನಿನಲ್ಲಿ ಚಾಕೊಲೇಟ್ ಪುಡ್ಡಿಂಗ್. ಬಡಿಸುವಾಕೆ ಇಂಗ್ಲಿಷಿನಲ್ಲಿ "ಬೇಕಾ?" ಎಂದು ಕೇಳಿದರೆ, ನನ್ನ ಇಪ್ಪತ್ತೆರಡು ಮಂದಿ ಶಿಷ್ಯರು ಒಂದೇ ಕಂಠದಿಂದ "ನೋ, ಥ್ಯಾಂಕ್ ಯೂ!" ಆಕೆ ಪಾಪ, ಹೇಳಿದ್ದನ್ನು ನಂಬುವ ಹೆಂಗಸು. ಗಾಡಿಯನ್ನು ಪಕ್ಕದ ಕ್ಲಾಸಿನವರ ಕಡೆ ತಳ್ಳಿದಳು. ಪುಡ್ಡಿಂಗ್ ಖಲಾಸ್! ಆಮೇಲೆ ಎದ್ದ ಅಳು ನಗರದ ನಡುವಿನ ಮುಶೈರಿಬ್ ಪೇಟೆಯ ತನಕ ಕೇಳಿಸಿರಬೇಕು.

ನನಗೆ ಆಫೀಸಿನಿಂದ ಕರೆ ಬಂತು. ಅಲ್ಲಿ ದೂರು ಕೊಡಲು ಬಂದ ಲೀನಾ ಕೆಂಪು ಮೂಗಿನೊಂದಿಗೆ ನಿಂತಿದ್ದಳು.

"ನೀವು ಕಲಿಸಿದ್ದು ಪೂರ್ತಿ ತಪ್ಪು," ಎಂದರು ಮದಾಂ ಇಂಗ್ಲಿಷಿನಲ್ಲಿ. "ಆದರೆ ಬಾಯಿಯೇ ಬಿಡದಿದ್ದ ಮಕ್ಕಳು ಈಗ ಹೆದರದೆ ಇಂಗ್ಲಿಷ್ ಮಾತಾಡುತ್ತಿದ್ದಾರೆ. ವರ್ಷದ ಕೊನೆಯವರೆಗೆ ಇರುತ್ತೀರಾ?"

ಎದೆಯೊಳಗೆ ಚೆಂಡೆ ಬಡಿಯಿತು. ಬಾಯಿ ಏನು ಹೇಳಿತು ಗೊತ್ತೇ?

"ನೋ, ನೋ, ಥ್ಯಾಂಕ್ ಯೂ! ನಿಮಗ್ಯಾಕೆ ಸುಮ್ಮನೆ ತೊಂದರೆ..."

ತಲೆ ತಗ್ಗಿಸಿ, ಎರಡನೆಯ ಸಲ ಕೇಳುವುದನ್ನು ಕಾಯುತ್ತ ನಿಂತೆ. ಕೇಳಲಿಲ್ಲ. "ಓ, ಹಾಗಾ. ಬೇಸರದ ಸಂಗತಿ," ಎಂದು ಅವರು ಫೈಲು ಮುಚ್ಚಿದರು. ಪೆನ್ನಿಗೆ ಕ್ಯಾಪನ್ನೂ ಹಾಕಿದರು!

ಲೀನಾ ನನ್ನ ಮುಖ ನೋಡಿದಳು, ಫೈಲು ನೋಡಿದಳು. ಮೂರು ತಿಂಗಳಲ್ಲಿ ನಾಲ್ಕು ಪದಕ್ಕಿಂತ ಹೆಚ್ಚು ಇಂಗ್ಲಿಷ್ ಆಡದ ಹುಡುಗಿ ಈಗ ಇಂಗ್ಲಿಷಿನಲ್ಲೇ ವಿವರಿಸಿದಳು:

"ಮದಾಂ, ಮಿಸ್ 'ನೋ, ಥ್ಯಾಂಕ್ ಯೂ' ಅಂದರು. ಅಂದರೆ ಅವರಿಗೆ ಎರಡು ಬೇಕು!"

ಮದಾಂ ಕ್ಲೇರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಫೈಲು ಮತ್ತೆ ತೆರೆಯಿತು. ಈ ಸಲ ನಾನು ಬಾಯಿ ಬಿಡದೆ ಸಹಿ ಹಾಕಿದೆ.

ಸಂಜೆ ಕತೆ ಕೇಳಿದ ಗಂಡ ಸೋಫಾದಲ್ಲಿ ಹೊರಳಾಡಿ ನಕ್ಕರು. "ಅಂದ್ರೆ ಸಹಾಯಕಿಗೇ ಒಬ್ಳು ಸಹಾಯಕಿ ಬೇಕಾಯ್ತು!" ಎನ್ನುತ್ತ ಅಡುಗೆಮನೆಗೆ ಹೋದವರು ಅಲ್ಲಿಂದಲೇ ಕೇಳಿದರು, "ಚಾ ಬೇಕಾ ನಿಂಗೆ?"

"ಬೇಡ," ಎಂದೆ. ಅಭ್ಯಾಸ!

ಅವರು ಒಂದೇ ಲೋಟ ಚಹಾ ತಂದು, ನನ್ನೆದುರೇ ಕೂತು, ಸುರ್ರೆಂದು ಪೂರ್ತಿ ಕುಡಿದರು. ಲೀನಾ ಅಲ್ಲಿರಲಿಲ್ಲ.