ಸುರಕ್ಷತಾ ಅಧಿಕಾರಿಯ ವ್ಯಾನಿನ ಬಾಗಿಲು

ಇನ್ನೊಬ್ಬರ ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ನನಗಿತ್ತು. ಭಾಂಡುಪ್‌ನ ಕಾರ್ಖಾನೆಯೊಂದರಲ್ಲಿ ನಾನು ಸುರಕ್ಷತಾ ಅಧಿಕಾರಿ. ಯಾವ ಯಂತ್ರದಲ್ಲಿ ದೋಷ ಕಂಡರೂ ಕೆಂಪು ಚೀಟಿ ಕಟ್ಟಿ ನಿಲ್ಲಿಸಿಬಿಡುತ್ತಿದ್ದೆ. ಮತ್ತೆ ನಾನು ಸಹಿ ಹಾಕುವ ತನಕ ಮ್ಯಾನೇಜರೂ ಅದನ್ನು ಮುಟ್ಟುವಂತಿರಲಿಲ್ಲ. ಸಡಿಲ ಮುಚ್ಚಳಕ್ಕೆ ಹಗ್ಗ ಬಿಗಿದು "ಚಲ್ ಜಾಯೇಗಾ, ಸಾಬ್", ನಡೆಯುತ್ತೆ ಬಿಡಿ, ಎನ್ನುವ ಫಿಟ್ಟರ್‌ಗಳಿಗೆ ನಾನು ಬಿಗಿಯುತ್ತಿದ್ದ ಭಾಷಣ ಕ್ಯಾಂಟೀನಿನವರೆಗೂ ಕೇಳಿಸುತ್ತಿತ್ತು.

ಇಂಥ ನಾನು, ಬೊರಿವಲಿಯ ನಮ್ಮ ಬಿಲ್ಡಿಂಗ್‌ನವರೆಲ್ಲ ನೋಡಲಿ ಎಂದು ಒಂದು ಹಳೆಯ ವ್ಯಾನ್ ಕೊಂಡೆ. ಅದರ ಹಾರ್ನ್ ಎಡಕ್ಕೆ ತಿರುಗಿದಾಗ ಮಾತ್ರ ಕೂಗುತ್ತಿತ್ತು. ಬಲಕ್ಕೆ ತಿರುಗುವಾಗ ನಾನೇ ತಲೆ ಹೊರಹಾಕಿ ಕೂಗುತ್ತಿದ್ದೆ. ಗಂಟಲು ಚೆನ್ನಾಗಿದ್ದ ಕಾಲ. ಹಿಂದಿನ ಸೀಟಿನ ಪಕ್ಕದ ಸರಿಯುವ ಬಾಗಿಲಿನದು ಇನ್ನೊಂದು ಗುಣ. ಸಿಗ್ನಲ್‌ನಲ್ಲಿ ನಿಂತ ಗಾಡಿ ಮುಂದಕ್ಕೆ ಹೊರಟಿತೆಂದರೆ ಅದು ತಾನಾಗಿ ಹಿಂದಕ್ಕೆ ಸರಿದು ತೆರೆದುಕೊಳ್ಳುತ್ತಿತ್ತು. "ಮೊದಲು ಇದನ್ನ ರಿಪೇರಿ ಮಾಡಿಸಿ. ಅತ್ತೆ ಕೂರೋದು ಅಲ್ಲೇ" ಎಂದು ನನ್ನ ಹೆಂಡತಿ ಶಾರದೆ ದಿನಾ ಹೇಳುತ್ತಿದ್ದಳು. ನನಗೇ ಸುರಕ್ಷತೆಯ ಪಾಠವೇ? ಬಟ್ಟೆ ಒಣಹಾಕುವ ನೈಲಾನ್ ಹಗ್ಗವನ್ನು ಬಾಗಿಲ ಹಿಡಿಗೆ ಕಟ್ಟಿ, ಇನ್ನೊಂದು ತುದಿಯನ್ನು ನಮ್ಮಮ್ಮನ ಕೈಗೆ ಕೊಟ್ಟೆ. ನಾನು ಗೇರ್ ಹಾಕಿದ ಕೂಡಲೇ ಎಳೆದು ಹಿಡಿಯಬೇಕೆಂದು ತರಬೇತಿಯನ್ನೂ ಕೊಟ್ಟೆ. ಎಪ್ಪತ್ತು ದಾಟಿದ ಅಮ್ಮ ಕೆಲಸಕ್ಕೆ ಹೊಸದಾಗಿ ಸೇರಿದವರಂತೆ ಶ್ರದ್ಧೆಯಿಂದ ಎಳೆದು ಹಿಡಿಯುತ್ತಿದ್ದಳು.

ಒಂದು ಭಾನುವಾರ ಮಾಟುಂಗಾದ ನೆಂಟರ ಮನೆಗೆ ನಾಮಕರಣಕ್ಕೆ ಹೊರಟೆವು. ಅಮ್ಮನ ತೊಡೆಯ ಮೇಲೆ ಪುಳಿಯೋಗರೆಯ ಡಬ್ಬಿ. ಹೈವೇಯ ಸಿಗ್ನಲ್ ಹಸಿರಾಯಿತು, ನಾನು ಗಾಡಿ ಮುಂದಕ್ಕೆ ಬಿಟ್ಟೆ. ಹಿಂದೆ ದಡಾರ್ ಎಂದಿತು. ತಿರುಗಿ ನೋಡಿದರೆ ಬಾಗಿಲು ಪೂರ್ತಿ ತೆರೆದಿದೆ, ಡಬ್ಬಿ ರಸ್ತೆಯಲ್ಲಿ ಉರುಳುತ್ತಿದೆ, ಅಮ್ಮನ ಅರ್ಧ ಮೈ ಹೊರಗಿದೆ. ಪಕ್ಕದಲ್ಲಿ ಕೂತಿದ್ದ ಶಾರದೆ ಎರಡೂ ಕೈಯಲ್ಲಿ ಅವಳ ತೋಳು ಹಿಡಿದು ಒಳಕ್ಕೆ ಜಗ್ಗುತ್ತಿದ್ದಳು. ನಾನು ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದೆ. ಉಸಿರು ತಿರುಗಿದ ಮೇಲೆ ಅಮ್ಮ ಮೆಲ್ಲಗೆ, "ಕನ್ನಡಕ ಒರೆಸಿಕೊಳ್ಳೋಕೆ ಒಂದು ಗಳಿಗೆ ಕೈ ಬಿಟ್ಟೆ ಕಣೋ. ನಂದೇ ತಪ್ಪು. ಇನ್ಮೇಲೆ ಬಿಡಲ್ಲ" ಎಂದಳು. ಅವಳು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಈ ಮಾತು ಕೇಳಿ ನಾಚಿಕೆಯಿಂದ ಸತ್ತಂತಾಯಿತು.

ಮಾರನೆಯ ಬೆಳಿಗ್ಗೆ ಸ್ಟೀರಿಂಗ್‌ಗೆ ಕೆಂಪು ಚೀಟಿ ಕಟ್ಟಿತ್ತು. ಶಾರದೆ ನನ್ನ ಬ್ಯಾಗಿನಿಂದಲೇ ತೆಗೆದಿದ್ದಳು. "ಅತ್ತೆ ಸಹಿ ಹಾಕೋವರೆಗೂ ಯಾರೂ ಮುಟ್ಟೋ ಹಾಗಿಲ್ಲ" ಎಂದಳು. ನಿಯಮ ನನ್ನದೇ; ಎದುರಾಡುವಂತಿರಲಿಲ್ಲ. ಆ ವಾರವೇ ಗ್ಯಾರೇಜಿನವನನ್ನು ಮನೆಗೇ ಕರೆಸಿ ಬಾಗಿಲಿಗೆ ಹೊಸ ಲಾಕ್ ಹಾಕಿಸಿದೆ. ಅಮ್ಮ ಕೆಳಗಿಳಿದು ಬಂದು, ಕನ್ನಡಕ ಸರಿಮಾಡಿಕೊಂಡು, ಹತ್ತು ಸಲ ಬಾಗಿಲು ಎಳೆದು ನೋಡಿದಳು. ನಾನು ಠೀವಿಯಿಂದ ಪೆನ್ನು ಮುಂದೆ ಹಿಡಿದೆ.

"ಬಾಗಿಲೇನೋ ಗಟ್ಟಿಯಾಗಿದೆ ಕಣಪ್ಪ," ಎಂದಳು ಅಮ್ಮ, ಪೆನ್ನು ಮುಟ್ಟದೆ. "ಓಡಿಸೋನನ್ನ ಇನ್ನೂ ಒಂದು ತಿಂಗಳು ನೋಡೋಣ."

ಅವಳ ತಪಾಸಣೆಯಲ್ಲಿ ನನಗೆ ಒಂದು ತಪ್ಪನ್ನೂ ಹುಡುಕಲಾಗಲಿಲ್ಲ. ತಿಂಗಳಿಡೀ ಲೋಕಲ್ ರೈಲಿನಲ್ಲೇ ಕೆಲಸಕ್ಕೆ ಹೋದೆ.