ಅಪ್ಪನಿಗೆ ಬಡಿಸಿದ ಎಲೆ

ನಾಯಿಮರಿ ಸಾಕುವುದರಲ್ಲಿ ಕಷ್ಟವೇನಿದೆ? ಇಪ್ಪತ್ತೆಂಟು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದವನು ನಾನು. ಅಂಗೈಯಗಲದ ಪ್ರಾಣಿಯೊಂದಕ್ಕೆ ಶಿಸ್ತು ಕಲಿಸಲಾರೆನೇ? ಹೀಗೆಂದುಕೊಂಡು ಕಬಕದ ಸ್ನೇಹಿತನ ಮನೆಯಿಂದ ಕಂದು ಬಣ್ಣದ ಮರಿಯೊಂದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ದರ್ಬೆಯ ನಮ್ಮ ಮನೆಗೆ ಹೊರಟೆ. ಅರ್ಧ ದಾರಿಗೇ ಪೆಟ್ಟಿಗೆಯ ತಳ ಒದ್ದೆಯಾಯಿತು. ಅದನ್ನು ಎಚ್ಚರಿಕೆಯೆಂದು ತಿಳಿಯಬೇಕಿತ್ತು. ನಾನು ತಿಳಿಯಲಿಲ್ಲ.

ಮರಿಯನ್ನು ತಂದದ್ದು ಅವ್ವನಿಗಾಗಿ. ಅಪ್ಪ ತೀರಿಹೋದ ಮೇಲೆ ಅವ್ವ ಬಟ್ಟಲಿನ ಮುಂದೆ ಕುಳಿತು, ಎರಡು ತುತ್ತು ಕಲಸಿ, ಎದ್ದುಹೋಗುತ್ತಿದ್ದರು. ನೋಡಿದರೆ ನನಗೂ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವರಿಗೆ ಬೈಯಲು ಒಂದು ಹೊಸ ಜೀವ ಬೇಕಿತ್ತು. ನನಗೂ ನನ್ನ ಹೆಂಡತಿ ಪುಷ್ಪಳಿಗೂ ಬೈದು ಬೈದು ಅವರಿಗೇ ಬೇಸರ ಬಂದಿತ್ತು.

"ಇದೆಂತ ಮಾರಾಯ ತಂದದ್ದು?" ಅಂದರು ಅವ್ವ.

"ಚಂದ ಉಂಟಲ್ಲ ಅವ್ವ?"

"ಚಂದ ಎಲ್ಲ ಉಂಟು. ಆಟಿಯಲ್ಲಿ ಅಪ್ಪನಿಗೆ ಬಡಿಸ್ಲಿಕ್ಕೆ ಉಂಟು, ನೆನಪುಂಟಾ? ಅಷ್ಟರ ಒಳಗೆ ಮರ್ಯಾದೆ ಕಲೀಲಿ. ಇಲ್ಲದಿದ್ರೆ ಬಂದಲ್ಲಿಗೇ ವಾಪಾಸು."

ಉಳಿದಿದ್ದದ್ದು ಹನ್ನೆರಡು ದಿನ. ನಾನು ಕ್ರಮಬದ್ಧವಾಗಿ ಪಾಠ ಆರಂಭಿಸಿದೆ. ಮೊದಲ ಪಾಠ ಶೌಚ. ಮೂಲೆಯಲ್ಲಿ ಪೇಪರು ಹಾಸಿದೆ. ಮರಿ ಪೇಪರಿನ ಮೇಲೆ ಸುಖವಾಗಿ ನಿದ್ರಿಸಿ, ಎದ್ದು, ಪುಷ್ಪಳ ಹೊಸ ಚಾಪೆಗೆ ಹೋಗಿ ಕಾರ್ಯ ಮುಗಿಸಿತು. ಎರಡನೆಯ ಪಾಠ ಕುಳಿತುಕೊಳ್ಳುವುದು. "ಕೂತ್ಕೋ" ಎಂದು ಹೇಳಿ, ಅರ್ಥವಾಗಲೆಂದು ನಾನೇ ನೆಲದಲ್ಲಿ ಕೂತು ತೋರಿಸಿದೆ. ಎದ್ದೆ. ಮತ್ತೆ ಕೂತೆ. ಹೀಗೆ ಹದಿನೈದು ಸಲ! ಮರಿ ತಲೆ ಓರೆ ಮಾಡಿ ಬಹಳ ಆಸಕ್ತಿಯಿಂದ ನೋಡಿತು, ನಿಂತುಕೊಂಡೇ. ಸೊಂಟ ಹಿಡಿದದ್ದು ನನಗೆ.

ಮೂರನೆಯ ವಿಷಯವನ್ನು ಅದು ನನ್ನ ಸಹಾಯವಿಲ್ಲದೆಯೇ ಕಲಿಯಿತು. ಅಕ್ಕಪಕ್ಕದ ಮನೆಗಳ ಜಗಲಿಯಿಂದ ಚಪ್ಪಲಿ ತರುವುದು. ಜೋಡಿ ತಂದರೆ ಭಾರವಲ್ಲವೇ, ಒಂದೊಂದೇ ತರುತ್ತಿತ್ತು. ದಿನಾ ಬೆಳಗ್ಗೆ ನಾನು ಒಂಟಿ ಚಪ್ಪಲಿ ಹಿಡಿದುಕೊಂಡು ಮನೆ ಮನೆ ತಿರುಗಿ "ಇದು ನಿಮ್ಮದಾ?" ಎಂದು ಕೇಳಬೇಕು. "ನಮ್ಮದೇ ಮಾಷ್ಟ್ರೆ. ಆದ್ರೆ ಇದರ ಪಟ್ಟಿ ಎಲ್ಲಿ?" ಎನ್ನುತ್ತಿದ್ದರು. ಪಟ್ಟಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಮರುದಿನ ಅದು ಹೊರಬರುವ ಕ್ರಮವೂ ಗೊತ್ತಿತ್ತು. ಹನ್ನೆರಡು ದಿನದಲ್ಲಿ ನಾನು ಇಳಿದುಹೋದೆ, ಮರಿ ದಪ್ಪವಾಯಿತು.

ಬಡಿಸುವ ದಿನ ಬಂತು. ತೀರಿಹೋದವರಿಗೆ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಗಾಲದಲ್ಲಿ, ಎಲೆ ಹಾಕಿ, ಅವರಿಗೆ ಪ್ರೀತಿಯಾದದ್ದನ್ನೆಲ್ಲ ಬಡಿಸಿ, ಕೈಮುಗಿದು, ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಮೌನವಾಗಿ ನಿಲ್ಲುವುದು ನಮ್ಮ ಕ್ರಮ. ಅವರು ಬಂದು ಉಂಡರು ಎಂದು ನಂಬಿ, ಸ್ವಲ್ಪ ಹೊತ್ತಿನ ನಂತರ ಬಾಗಿಲು ತಟ್ಟಿ ತೆರೆಯುವುದು. ಬೆಳಗ್ಗಿನಿಂದ ಊರ ಕೋಳಿಯ ಸಾರಿನ ಪರಿಮಳಕ್ಕೆ ಮರಿ ಅಡುಗೆ ಕೋಣೆಯ ಬಾಗಿಲನ್ನು ಕೆರೆಯತೊಡಗಿತ್ತು. ನಾನು ಅದನ್ನೆತ್ತಿ ಅಪ್ಪನ ಕೋಣೆಗೆ ಹಾಕಿ ಬಾಗಿಲೆಳೆದು, ಇಚಿಲಂಪಾಡಿಯಿಂದ ಬರುವ ಚಿಕ್ಕಪ್ಪನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದೆ. ಬಡಿಸುವುದು ನಡುಕೋಣೆಯಲ್ಲಿ ಎಂದು ಮೊದಲೇ ತೀರ್ಮಾನವಾಗಿತ್ತು.

ಮರಳಿ ಬರುವಷ್ಟರಲ್ಲಿ ಅವ್ವ ತೀರ್ಮಾನ ಬದಲಿಸಿದ್ದರು. "ಅವರ ಕೋಣೆಯಲ್ಲೇ ಬಡಿಸುವ. ಅವರಿಗೆ ಅಲ್ಲಿ ಅಭ್ಯಾಸ."

ಆಯಾಸದಿಂದ ನನ್ನ ತಲೆ ಓಡುತ್ತಿರಲಿಲ್ಲ. ಮರಿಯ ನೆನಪೇ ಹಾರಿಹೋಗಿತ್ತು. ಅದು ಮಂಚದ ಅಡಿಯಲ್ಲಿ ನಿದ್ರೆ ಹೋಗಿರಬೇಕು, ಸದ್ದಿರಲಿಲ್ಲ. ರೊಟ್ಟಿ, ಕೋಳಿ ಸಾರು, ಕೋಳಿ ಸುಕ್ಕ ಎಲ್ಲ ಬಡಿಸಿ ಆಯಿತು. ಚಿಕ್ಕಪ್ಪ ದೀಪ ಹಚ್ಚಿ "ತಪ್ಪಿದ್ದರೆ ಕ್ಷಮಿಸಿ ಸ್ವೀಕಾರ ಮಾಡಬೇಕು" ಎಂದರು. ನಾವು ಕೈಮುಗಿದು ಹೊರಗೆ ಬಂದು ಬಾಗಿಲು ಮುಚ್ಚಿದೆವು.

ಎರಡು ನಿಮಿಷ ಮೌನ. ಬಳಿಕ ಒಳಗಿನಿಂದ ಎಲೆ ಸರಪರ ಎಂದಿತು. ನೀರಿನ ಲೋಟ ಠಣ್ಣೆಂದು ಉರುಳಿತು. ಆಮೇಲೆ, ಕಟುಂ... ಕಟುಂ...

ಚಿಕ್ಕಪ್ಪನ ಕಣ್ಣು ಅಗಲವಾಯಿತು. "ಅಣ್ಣ ಬಂದಿದ್ದಾನೆ!" ಎಂದು ಪಿಸುಗುಟ್ಟಿದರು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅವರ ಭುಜ ಅಲುಗುತ್ತಿತ್ತು.

ನನಗೆ ಆಗ ನೆನಪಾಯಿತು! ಮೈಯೆಲ್ಲ ಬೆವರಿತು. ಹೇಳಿದರೆ ಬಡಿಸಿದ್ದು ಹಾಳು, ಅವ್ವನ ಕಣ್ಣೀರು ಹಾಳು, ಮರಿ ಕಬಕಕ್ಕೆ. ಹೇಳದಿದ್ದರೆ ಅಪ್ಪನ ಊಟವನ್ನು ನಾಯಿಗೆ ಹಾಕಿದ ಮಗ ನಾನು. ಏನೂ ತೋಚದೆ ಜೋರಾಗಿ ಕೆಮ್ಮತೊಡಗಿದೆ.

"ಎಂತ ನಿಮ್ಮದು ಕೆಮ್ಮು? ಸುಮ್ಮನೆ ನಿಲ್ಲಿ ಮಾರಾಯ್ರೆ" ಎಂದು ಪುಷ್ಪ ಚಿವುಟಿದಳು.

ಬಾಗಿಲು ತೆರೆದದ್ದೇ "ನಾನು ದೀಪ ನೋಡ್ತೇನೆ" ಎಂದು ಎಲ್ಲರಿಗಿಂತ ಮೊದಲು ನುಗ್ಗಿದೆ. ಎಲೆ ತೊಳೆದಿಟ್ಟ ಹಾಗೆ ಸ್ವಚ್ಛ! ಮರಿಯನ್ನು ಕಾಲಿನಿಂದ ಮಂಚದ ಅಡಿಗೆ ತಳ್ಳಿ, ಅದರೆದುರು ಪಂಚೆ ಅಗಲಿಸಿ ನಿಂತೆ. ಚಿಕ್ಕಪ್ಪ ಕೈಮುಗಿದರು. ಅವ್ವ ಖಾಲಿ ಎಲೆಯನ್ನು ತುಂಬಾ ಹೊತ್ತು ನೋಡಿದರು. ಆ ದಿನ ಅವರು ನಮ್ಮೊಡನೆ ಕುಳಿತು ಎರಡು ಸಲ ಸಾರು ಹಾಕಿಸಿಕೊಂಡು ಉಂಡರು. ಮರಿಯನ್ನು ವಾಪಾಸು ಕಳಿಸುವ ಮಾತು ಯಾರೂ ಎತ್ತಲಿಲ್ಲ.

ನನಗೆ ಮಾತ್ರ ಅನ್ನ ಸೇರಲಿಲ್ಲ. ಹತ್ತು ದಿನ ಅಪ್ಪನ ಫೋಟೋದ ಮುಂದೆ ಬೆಳಗ್ಗೆಯೂ ಸಂಜೆಯೂ ಕ್ಷಮೆ ಕೇಳಿದೆ. ಹನ್ನೊಂದನೆಯ ದಿನ ತಡೆಯಲಾಗಲಿಲ್ಲ. ಅವ್ವ ಪತ್ರೊಡೆಗೆಂದು ಕೆಸುವಿನ ಎಲೆಗಳ ದಂಟು ಕೊಯ್ಯುತ್ತಿದ್ದರು. ಹೋಗಿ ಎದುರು ಕುಳಿತೆ.

"ಅವ್ವ, ಆ ದಿನ ಉಂಡದ್ದು ಅಪ್ಪ ಅಲ್ಲ. ನಾಯಿ."

ಅವ್ವ ತಲೆಯೆತ್ತಲಿಲ್ಲ. "ನಿನ್ನ ಅಪ್ಪನಿಗೆ ಕಡೆಯ ಹತ್ತು ವರ್ಷ ಬಾಯಲ್ಲಿ ಒಂದು ಹಲ್ಲೂ ಇರ್ಲಿಲ್ಲ. ಎಲುಬು ಕಡಿಯುದು ಯಾರೂಂತ ನನಗೆ ಗೊತ್ತಾಗುದಿಲ್ವಾ? ನಗು ತಡೀಲಿಕ್ಕೆ ಸೆರಗು ಕಚ್ಚಬೇಕಾಯ್ತು."

"ಪುಷ್ಪಳಿಗೆ?"

"ನಿನ್ನ ಪಂಚೆಯ ಹಿಂದೆ ಬಾಲ ಆಡುದು ಅವಳಿಗೆ ಕಾಣ್ತಿತ್ತು."

"ಚಿಕ್ಕಪ್ಪನಿಗೆ?"

"ಮೊದಲು ನಂಬಿದ, ಪಾಪ. ಮತ್ತೆ ಎಲೆಯ ಬದಿಯಲ್ಲಿ ಸಾರಿನ ಹೆಜ್ಜೆ ಕಂಡ. ಹೋಗುವಾಗ ಕೇಳಿದ, ಮರಿಗೆ ಹೊಟ್ಟೆ ಸರಿ ಉಂಟಾ ಅಂತ."

"ಮತ್ತೆ ನೀವು ಯಾರೂ ಎಂತ ಹೇಳ್ಲಿಲ್ಲ ಯಾಕೆ?"

ಅವ್ವ ಕತ್ತಿ ಕೆಳಗಿಟ್ಟರು. "ಸತ್ತವರಿಗೆ ಬಡಿಸಿದ ಎಲೆ ಬಾಗಿಲು ತೆಗೆದಾಗ ಇದ್ದ ಹಾಗೇ ಇರ್ತದೆ. ನನಗೆ ಅದನ್ನು ನೋಡ್ಲಿಕ್ಕೆ ಆಗುದಿಲ್ಲ ಮಗಾ. ಆ ದಿನ ಎಲೆ ಖಾಲಿ ಇತ್ತು. ಯಾರು ತಿಂದ್ರೆ ಎಂತ? ನನಗೂ ಹಸಿವಾಯ್ತು."

ಅವ್ವ ಮತ್ತೆ ಕತ್ತಿ ಎತ್ತಿಕೊಂಡರು.

"ಮತ್ತೆ ನಿನ್ನ ಮುಖ ನೋಡ್ಬೇಕಿತ್ತು. ಅಪ್ಪ ಬಂದ್ರೂಂತ ಹೆದರಿ ಬೆವರ್ತಾ ಇದ್ದಿ, ಹಿಂದೆ ಬಾಲ ಆಡುದೂ ನಿನಗೆ ಗೊತ್ತಿಲ್ಲಾಂತ ಎಣಿಸಿದೆವು. ಇವನೊಬ್ಬ ನಂಬಿದ್ದಾನೆ, ಪಾಪ, ಹೇಳಿ ಬೇಸರ ಮಾಡುದು ಬೇಡಾಂತ ನಾವು ಮೂರೂ ಜನ ಸುಮ್ಮನಾದದ್ದು. ಈಗ ಆ ಎಲೆ ತೊಳಿ."

ನಾನು ಕೆಸುವಿನ ಎಲೆ ತೊಳೆಯಲು ಎದ್ದೆ. ಈ ಮನೆಯಲ್ಲಿ ನನ್ನಿಂದ ಸರಿಯಾಗಿ ಆಗುವ ಕೆಲಸ ಅದೊಂದೇ ಎಂದು ಅಂದು ತೀರ್ಮಾನವಾಯಿತು. ಅದರಲ್ಲೂ ಎರಡು ಎಲೆ ಹರಿದವು.