ನಾದಿನಿಯ ಬ್ರ್ಯಾಂಡು, ಊರವರ ಸೀರೆ

ನನ್ನ ನಾದಿನಿ ಸ್ಮಾರ್ಟ್‌ಫೋನು ಕೊಳ್ಳುವ ತನಕ ಗದಗ-ಬೆಟಗೇರಿಯಲ್ಲಿ ಸಾಕಷ್ಟು ಮಾನಸ್ಥರಿದ್ದರು. ಲಕ್ಷ್ಮೇಶ್ವರದಲ್ಲೂ ಇದ್ದರು. ಶಿರಹಟ್ಟಿ, ಮುಂಡರಗಿಗಳ ಬಗ್ಗೆಯೂ ನಾನು ಒಳ್ಳೆಯ ಮಾತನ್ನೇ ಕೇಳಿದ್ದೆ. ಈಗ ನೋಡಿ, ಬಸ್‌ಸ್ಟ್ಯಾಂಡಿನಲ್ಲಿ ಯಾವ ಮರ್ಯಾದಸ್ಥ ಹೆಂಗಸು ಎದುರಾದರೂ ನನಗೆ ಮೊದಲು ನೆನಪಾಗುವುದು ಅವಳ ಸೀರೆಯ ಚರಿತ್ರೆ! ಮೈ ಗಾಡ್, ಈ ವಯಸ್ಸಿನಲ್ಲಿ ಇದೆಲ್ಲ ನನಗೆ ತಿಳಿಯಬೇಕಿತ್ತೆ?

ನಾದಿನಿ ಎಂದರೆ ನನ್ನ ಗಂಡನ ತಂಗಿ. ಅವಳ ಗಂಡ ತೀರಿಕೊಂಡ ಮೇಲೆ ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ. ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆಗಳನ್ನು ತುಂಡು ಮಾಡಿ, ಪದರಿನ ಮೇಲೆ ಪದರಿಟ್ಟು, ಕೈಯಲ್ಲೇ ಹೊಲಿದ ದಪ್ಪ ಹೊದಿಕೆ. ಹೊಸ ಬಟ್ಟೆ ಅವಳಿಗೆ ನಡೆಯದು. ಉಟ್ಟು ಮೆತ್ತಗಾದ ಸೀರೆಯೇ ಆಗಬೇಕು, ಅದೂ ಗುರುತಿನವರದು! ಹೀಗಾಗಿ ಅವಳ ಮಧ್ಯಾಹ್ನಗಳೆಲ್ಲ ಬೇರೆಯವರ ಮನೆಯ ಕಟ್ಟೆಯ ಮೇಲೆ ಕಳೆಯುತ್ತಿದ್ದವು. ಸೀರೆ ಕೇಳಲು ಹೋದವಳು ಚಹಾ ಕುಡಿದು, ಸೊಸೆಯ ದೂರನ್ನು ಅತ್ತೆಯಿಂದ, ಅತ್ತೆಯ ದೂರನ್ನು ಸೊಸೆಯಿಂದ ಕೇಳಿಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ಗಂಟು ಹೊತ್ತು ಬರುತ್ತಿದ್ದಳು. ಮಕ್ಕಳಿಲ್ಲದ ಅವಳಿಗೆ ಆ ಕಟ್ಟೆಗಳೇ ಬಳಗ.

ಹೀಗಿರುವಾಗ ಮಹಿಳಾ ಸಂಘದವರು ಗದಗಿನಲ್ಲಿ ಒಂದು ಟ್ರೇನಿಂಗ್ ಇಟ್ಟರು. ಅಲ್ಲಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಕೂಗಿದಳು.

“ವೈನಿ, ಇನ್ನ ಮ್ಯಾಲೆ ನಾ ಬರೇ ಹೆಣಮಗಳಲ್ಲ. ಬ್ರ್ಯಾಂಡ್ ಅದೀನಿ!”

“ಏನಂದಿ?”

“ಪರ್ಸನಲ್ ಬ್ರ್ಯಾಂಡ್. ಕಾನ್ವೆಂಟಿನ್ಯಾಗ ಕಲ್ತೀರಿ, ಇಷ್ಟೂ ತಿಳೀವಲ್ದ?”

ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಮೊಣಕಾಲು ಮುಚ್ಚಿ ಕೂಡುವುದನ್ನು, ಕೆಮ್ಮುವಾಗ ಕರ್ಚೀಫು ಹಿಡಿಯುವುದನ್ನು. ಬ್ರ್ಯಾಂಡ್ ಎಂದರೆ ನಮಗೆ ಸೋಪು, ಬಿಸ್ಕೀಟು. ಮನುಷ್ಯರಲ್ಲ!

ಮೊದಲ ತಪ್ಪು ಮುಖದಿಂದಲೇ ಶುರುವಾಯಿತು. ಅರವತ್ತು ದಾಟಿದವಳು ತನ್ನ ಫೋಟೋಕ್ಕೆ ಅದೇನೋ ಫಿಲ್ಟರ್ ಹಾಕಿಕೊಂಡಳು. ಸುಕ್ಕು ಹೋಯಿತು, ಜೊತೆಗೆ ಅರ್ಧ ಮೂಗೂ ಹೋಯಿತು. ನಮ್ಮ ಮನೆಯವರು ಕನ್ನಡಕ ಏರಿಸಿ ನೋಡಿ, “ಯಾರ ಮನಿ ಹುಡುಗಿ ಇದು? ನಮ್ಮ ಕಡೆ ಒಂದ ಗಂಡು ಐತಿ,” ಎಂದರು. ಸ್ವಂತ ತಂಗಿ!

ಮರುದಿನವೇ ಮುಂಡರಗಿಯ ಯಾವನೋ ಒಬ್ಬ “ಹಾಯ್ ಡಿಯರ್” ಎಂದು ಕಳಿಸಿದ. ಬ್ಲಾಕ್ ಮಾಡು ಎಂದು ನಾನು ಹೇಳುವಷ್ಟರಲ್ಲಿ ಇವಳು ಫೋನನ್ನು ಬಾಯಿಗೆ ಹಿಡಿದು ವಾಯ್ಸ್ ಮೆಸೇಜ್ ಬಿಟ್ಟೇಬಿಟ್ಟಳು: “ಯಾರ ಮಗನೋ ನೀ? ಯಾವ ಓಣಿ? ನಿಮ್ಮವ್ವನ ಹಳೇ ಸೀರಿ ಏನರ ಅದಾವೇನು?” ಆ ಮಹಾಶಯ ಮತ್ತೆಂದೂ ಡಿಯರ್ ಎನ್ನಲಿಲ್ಲ. ಆದರೆ ಮುಂದಿನ ವಾರ ಮುಂಡರಗಿ ಬಸ್ಸಿನಲ್ಲಿ ಅವನ ತಾಯಿಯ ಎರಡು ಸೀರೆ ಬಂದವು ಎಂದರೆ ನೀವು ನಂಬುತ್ತೀರಾ?

ಇನ್ನು ಗಿರಾಕಿಗಳ ಪಾಡು. ಬೆಂಗಳೂರಿನ ಒಂದು ದೊಡ್ಡ ಹೋಟೆಲಿನವರು ಕೌದಿಯನ್ನು ಗೋಡೆಗೆ ತೂಗುಹಾಕಲು ಕೇಳಿದರು. ಎಂಥ ಚಾನ್ಸು! ಇವಳು ಫೋನಿನಲ್ಲಿ, “ಯಾಕ್ರಿ, ನಿಮ್ಮ ಗ್ವಾಡಿಗೆ ಥಂಡಿ ಹತ್ತೈತೇನು?” ಎಂದುಬಿಟ್ಟಳು.

“ಅದು ಆರ್ಟ್ ಲೇ. ಕಸ್ಟಮರ್ ಜೋಡಿ ಹಂಗ ಮಾತಾಡಬಾರದು,” ಎಂದೆ.

“ಹೊಚಿಗೊಳ್ಳಾಕ ಹೊಲದದ್ದನ್ನ ನೇಣ ಹಾಕ್ತೀನಿ ಅಂತಾರ ವೈನಿ, ನಾ ಸುಮ್ಮ ಕುಂದರ್ಲೇನು?”

ಇವೆಲ್ಲ ಚಿಲ್ಲರೆ ತಪ್ಪುಗಳು. ದೊಡ್ಡದು ಮುಂದಿತ್ತು.

ಟ್ರೇನಿಂಗಿನ ಹುಡುಗಿ, “ಅಥೆಂಟಿಕ್ ಆಗಿರ್ರಿ. ವಸ್ತು ಮಾರಬ್ಯಾಡ್ರಿ, ಅದರ ಸ್ಟೋರಿ ಹೇಳ್ರಿ,” ಎಂದಿದ್ದಳಂತೆ. ಪಾಪ, ಅವಳ ಮನಸ್ಸಿನಲ್ಲಿದ್ದದ್ದು ಸೂಜಿಯ ಮೇಲೆ ಬಿಸಿಲು ಬೀಳುವಂಥ ಏನಾದರೊಂದು ಇರಬೇಕು. ಆದರೆ ನಮ್ಮ ನಾದಿನಿ ಜನ್ಮದಲ್ಲಿ ಸುಳ್ಳು ಹೇಳಿದವಳಲ್ಲ, ಕೇಳಿದ್ದನ್ನು ಮರೆತವಳೂ ಅಲ್ಲ. ಈ ಎರಡು ಗುಣ ಒಬ್ಬಳಲ್ಲೇ ಸೇರುವುದೇ ಅಪಾಯ. ಅದಕ್ಕೆ ಇಂಟರ್‌ನೆಟ್ ಬೇರೆ ಸೇರಿದರೆ?

ಕೌದಿ ಹಾಸಿಕೊಂಡು ಕುಳಿತಳು. ವಿಡಿಯೋ ಶುರುವಾಯಿತು.

“ನಮಸ್ಕಾರ್ರಿ ಎಲ್ಲಾರಿಗೂ. ಈ ಹಸರ ತುಂಡ ನೋಡ್ರಿ, ಅಡರಕಟ್ಟಿ ಗೌಡರು ತಮ್ಮ ಬೀಗರಿಗೆ ಕೊಟ್ಟದ್ದು. ಬೀಗರಿಗೆ ಅಂತ ಹೊಸಾದು ತಂದೇವಿ ಅಂತ ಊರಿಗೆಲ್ಲಾ ತೋರಿಸಿದ್ರು. ಖರೆ ಅಂದ್ರ, ಬೀಗರು ಕೊಟ್ಟದ್ದನ್ನ ಬೀಗರಿಗೇ ತಿರುಗಿ ಕೊಟ್ಟಿದ್ರು! ಈ ಗುಲಾಬಿ, ಲಕ್ಕುಂಡಿ ಮಾಸ್ತರರ ಹೆಣತೀದು. ಸುಟ್ಟ ಕಲಿ ಕಾಣತೈತಲ್ಲ? ಮಾಸ್ತರ ಇಸ್ತ್ರಿ ಮಾಡಾಕ ಹೋಗಿ ಸುಟ್ಟದ್ದು. ಸಾಲ್ಯಾಗ ಹುಲಿ, ಮನ್ಯಾಗ ಇಸ್ತ್ರಿ!”

ನನ್ನ ಕೈಯಲ್ಲಿದ್ದ ಚಹಾದ ಕಪ್ಪು, ಸಾಸರ್ ಸಮೇತ ಕೆಳಗೆ ಬಿತ್ತು. ಅವಳು ನಿಲ್ಲಲಿಲ್ಲ.

“ಈ ದಾಳಿಂಬರಿ ಬಣ್ಣದ್ದು ಲಕ್ಷ್ಮೇಶ್ವರದ ನನ್ನ ಗೆಳತೀದು. ಮಗಳು ಮನಿ ಬಿಟ್ಟು ಹೋಗಿ, ತನಗ ಬೇಕಾದವನ್ನ ಲಗ್ನಾದ್ಲು. ಅವತ್ತ ಇದ ಸೆರಗಿಲೆ ಕಣ್ಣ ಒರಸಿಕೊಂಡಾಕಿ, ಇವತ್ತಿಗೂ ಮಗಳ ಹೆಸರ ಎತ್ತಂಗಿಲ್ಲ.”

ವೈರಲ್ ಆಗದೆ ಇರುತ್ತದೆಯೇ? ಕಳಸಾಪುರದ ಹೊಲದಿಂದ ದುಬೈಯವರೆಗೆ ನೋಡಿದರು. ಫಾಲೋವರ್‌ಗಳು ಇರುವೆಯಂತೆ ಮುತ್ತಿದರು. ಇತ್ತ ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಇವಳು ಬರುವುದು ಕಂಡರೆ ಕಟ್ಟೆ ಖಾಲಿ! “ಹಳೇ ಸೀರಿ ಇಲ್ರಿ, ಎಲ್ಲಾ ಭಾಂಡೆ-ಪಾತ್ರಿ ಮಾರಾಕಿಗೆ ಕೊಟ್ಟೇವಿ,” ಎಂದು ಕಿಟಕಿಯಿಂದಲೇ ಉತ್ತರ.

ಶಿರಹಟ್ಟಿಯಿಂದ ಆ ಗೆಳತಿಯ ಮಗಳೇ ಬಂದಳು. ಮೊಮ್ಮಗನನ್ನು ಕಂಡ ಹೆಂಗಸು, ಕೈಯಲ್ಲಿ ಕತ್ತರಿ!

“ಚಿಗವ್ವ, ನಮ್ಮವ್ವನ ತುಂಡ ಎಲ್ಲೈತಿ? ಕತ್ತರಿಸಿಕೊಂಡ ಹೋಗ್ತೀನಿ. ನನ್ನ ಸೊಸಿ ಮುಂದ ನನ್ನ ಮಾನಾ ಕಳದಿ.”

“ನಾ ಸುಳ್ಳೇನರ ಹೇಳೇನೇನ?”

“ಖರೆ ಐತಿ ಅಂತನ ಸಿಟ್ಟ ಬಂದೈತಿ!”

ನಾನು ನಡುವೆ ನಿಂತು, “ಪ್ಲೀಸ್, ಲೇಡೀಸ್!” ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಕೌದಿಯ ಮೇಲೆ ಕೈಯಿಟ್ಟವಳಿಗೆ ಕತ್ತರಿ ಆಡಿಸಲಾಗಲಿಲ್ಲ. ಅಳುತ್ತ ಹೊರಟುಹೋದಳು.

ನಾದಿನಿ ಅಂದೇ ವಿಡಿಯೋವನ್ನು ಇಂಟರ್‌ನೆಟ್‌ನಿಂದ ತೆಗೆಸಿದಳು. ಆದರೆ ನೋಡಿದವರ ಕಣ್ಣಿನಿಂದ ತೆಗೆಸುವುದು ಹೇಗೆ? ಮಧ್ಯಾಹ್ನಗಳು ಬಂದವು, ಹೋದವು. ಸೂಜಿಗೆ ದಾರ ಪೋಣಿಸಿಕೊಂಡು ಸುಮ್ಮನೆ ಕೂಡುತ್ತಿದ್ದಳು, ಹೊಲಿಯಲು ಸೀರೆಯಿಲ್ಲ. ಒಂದು ದಿನ ಮೆಲ್ಲಗೆ ಹೇಳಿದಳು: “ಲಕ್ಷ ಮಂದಿ ನೋಡ್ಯಾರಂತ ವೈನಿ. ಒಬ್ಬಾಕಿನೂ ಚಾ ಕುಡಿಯಾಕ ಬಾ ಅನವಲ್ಲಳು.”

ಹೋದ ಶ್ರಾವಣ ಕಳೆದ ಮೇಲೆ ಲಕ್ಷ್ಮೇಶ್ವರದ ಆ ಗೆಳತಿ ತೀರಿಕೊಂಡಳು. ದಿನಕರ್ಮಗಳು ಮುಗಿದ ನಂತರ ಶಿರಹಟ್ಟಿಯ ಮಗಳು ಮತ್ತೆ ನಮ್ಮ ಬಾಗಿಲಲ್ಲಿ ನಿಂತಳು. ಈ ಸಲ ಕೈಯಲ್ಲಿ ಗಂಟು. ನಾದಿನಿ ತನ್ನ ಫೋನನ್ನು ನನ್ನ ಕೈಗಿಟ್ಟು, “ಆಫ್ ಮಾಡ್ರಿ,” ಎಂದಳು.

“ಅವ್ವನ ಸೀರಿ. ತಮ್ಮನ ಹೆಣತಿ ಕೊಟ್ಲು. ಕೌದಿ ಹೊಲದ ಕೊಡು ಚಿಗವ್ವ. ಇವು ಯಾವು ಎಂದಿನವು ಅಂತ ಹೇಳಾವ್ರು ನಿನ್ನ ಬಿಟ್ರ ಯಾರೂ ಉಳದಿಲ್ಲ.”

ನಾದಿನಿ ಒಂದೊಂದನ್ನೇ ಮಡಿಲಿಗೆ ತೆಗೆದುಕೊಂಡು ಹೇಳುತ್ತ ಹೋದಳು. ಇದು ನೀ ಹುಟ್ಟಿದಾಗಿಂದು, ಇದು ನಿನ್ನ ಸಾಲಿಗೆ ಹಾಕಿದಾಗ ಉಟ್ಟದ್ದು. ಗಂಟಿನ ತಳದಲ್ಲಿ ಒಂದು ನೀಲಿ ಸೀರೆಯಿತ್ತು.

“ಇದು ಪಂಚಮಿಗೆ ನಾ ಕಳಿಸಿದ್ದು,” ಎಂದಳು ಮಗಳು, ನೆಲ ನೋಡುತ್ತ. “ಅವ್ವ ಇದನ್ನ ಉಟ್ಟಿದ್ಲೇನ ಚಿಗವ್ವ?”

ವಿಡಿಯೋದ ಗದ್ದಲಕ್ಕೂ ಮೊದಲು, ಆ ಸೀರೆ ಬಂದ ದಿನ ನಾವಿಬ್ಬರೂ ಲಕ್ಷ್ಮೇಶ್ವರದ ಆ ಮನೆಯಲ್ಲೇ ಇದ್ದೆವು. ಗೆಳತಿ ಬಿಚ್ಚಿಯೂ ನೋಡದೆ ಅದನ್ನು ಟ್ರಂಕಿನ ತಳಕ್ಕೆ ತಳ್ಳಿದ್ದನ್ನು ಕಣ್ಣಾರೆ ಕಂಡವರು. ಅಂಗಡಿಯ ಗಂಜಿ ಇನ್ನೂ ಬಿಟ್ಟಿಲ್ಲ, ಮಡಿಕೆಯ ಘಡಿ ಮುರಿದಿಲ್ಲ. ಈಗ ಇವಳು ಬಾಯಿ ತೆರೆದರೆ ಏನು ಬರುತ್ತದೆಂದು ನನಗೆ ಗೊತ್ತಿಲ್ಲವೇ?

“ಉಟ್ಟಿದ್ಲವ್ವಾ,” ಎಂದಳು ನಾದಿನಿ. “ಬಾಗಲಾ ಹಾಕ್ಕೊಂಡು ಉಟ್ಟು, ಕನ್ನಡಿ ಮುಂದ ನಿಂತು, ನನ್ನ ಕರದು ತೋರಿಸಿದ್ಲು. ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕಿದ್ಲು. ಅದಕ್ಕ ಇಷ್ಟ ದಿನ ಹೇಳಿದ್ದಿಲ್ಲ.”

ಆ ದೊಡ್ಡ ಹೆಂಗಸು ಇವಳ ತೊಡೆಯ ಮೇಲೆ ತಲೆಯಿಟ್ಟು ಮಗುವಿನಂತೆ ಅತ್ತಳು.

ಮುಖ ತೊಳೆಯಲೆಂದು ಅವಳು ಬಚ್ಚಲಿಗೆ ಹೋದದ್ದೇ ತಡ, ನಾದಿನಿ ನೀಲಿ ಸೀರೆಯನ್ನು ಕೊಡವಿ ಬಿಚ್ಚಿದಳು. ಎರಡೂ ಕೈಯಿಂದ ಮುದ್ದೆ ಮಾಡಿ, ರೊಟ್ಟಿಯ ಹಿಟ್ಟು ನಾದಿದ ಹಾಗೆ ನಾದತೊಡಗಿದಳು. ಗಂಜಿ ಪರಪರ ಎಂದು ಮುರಿಯಿತು.

“ನೋಡ್ಕೋತ ಏನ ನಿಂತೀರಿ ವೈನಿ?” ಎಂದಳು ಪಿಸುದನಿಯಲ್ಲಿ. “ಜಲ್ದಿ ಆ ತುದಿ ಹಿಡೀರಿ.”

ಹಿಡಿದೆ. ಬಚ್ಚಲಲ್ಲಿ ನೀರಿನ ಸಪ್ಪಳ ನಿಲ್ಲುವವರೆಗೆ ಇಬ್ಬರೂ ಸೇರಿ ಅದನ್ನು ಮೆತ್ತಗೆ ಮಾಡಿದೆವು.